ಜಲಜಾಕ್ಷಿಯ ಕಿವಿರುತಟ್ಟೆ

ಕ್ರಿ.ಶ. ೨೧೮೭, ಫೆಬ್ರವರಿ ೩೦

ಡಾ. ವಿಶ್ವಂಭರರಿಗೆ,

ನಿಮ್ಮ ಪಂಚಾಂಗದಲ್ಲಿ ಇಲ್ಲದ ದಿನದಿಂದ ಬರೆಯುತ್ತಿದ್ದೇನೆ. ಮಾತು ಒರಟೆನಿಸಿದರೆ ಮನ್ನಿಸಿ. ನೀವು ಬದುಕಿರುವಾಗಲೇ ಇದು ನಿಮ್ಮ ಕೈಸೇರಲಿ ಎಂಬುದೇ ನನ್ನ ಆಸೆ.

ನಾನು ವಾರಿಜೆ. ನಿಮ್ಮ ಪ್ರಯೋಗಾಲಯದ ಸಹಾಯಕಿ ಜಲಜಾಕ್ಷಿಯ ಮರಿಮಗಳ ಮಗಳು; ಇಂದು ಅಲ್ಲಿಯ ಮುಖ್ಯಸ್ಥೆ. ಹೊಸ ರಾಸಾಯನಿಕ ಬೆರೆತ ನೀರಿನಲ್ಲಿ ಮೀನುಗಳನ್ನು ನಾಲ್ಕು ದಿನ ಬಿಟ್ಟು, ಸತ್ತವನ್ನು ಎಣಿಸುವುದು ಆಕೆಯ ಕೆಲಸವಾಗಿತ್ತು. ಎಣಿಸಿ ಬೇಸತ್ತ ಆಕೆ ಒಂದೇ ಮೀನಿನ ಕಿವಿರಿನಿಂದ ಜೀವಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದಳು. ನಾವು ಅದನ್ನು ಕಿವಿರುತಟ್ಟೆ ಎನ್ನುತ್ತೇವೆ. ಈಗ ಪ್ರತಿ ಬಂದರಿನಲ್ಲೂ ಒಂದಿದೆ. ದೋಣಿಗೆ ಬಣ್ಣ ಬಳಿಯುವ ಮೊದಲು ಮೀನುಗಾರರೇ ಅದಕ್ಕೆ ಒಂದು ಹನಿ ಹಾಕಿ ನೋಡುತ್ತಾರೆ.

ಅಂದು ನಿಮ್ಮಲ್ಲಿ ಪರೀಕ್ಷೆಗೆ ಬಂದದ್ದೂ ದೋಣಿಯ ತಳಕ್ಕೆ ಬಳಿಯುವ ಬಣ್ಣವೇ. ತೊಟ್ಟಿಯಲ್ಲಿ ಅರ್ಧಕ್ಕಿಂತ ಕಡಿಮೆ ಮೀನುಗಳು ಸತ್ತವು; ನಿಮ್ಮ ನಿಯಮದಂತೆ ಬಣ್ಣ ಗೆದ್ದಂತೆಯೇ. ಆಕೆ ಅದೇ ಬಣ್ಣದ ಹನಿಗೆ ಜೀವಕೋಶಗಳೆಲ್ಲ ಸತ್ತಿದ್ದ ತಟ್ಟೆ ಹಿಡಿದು ನಿಮ್ಮ ಕೋಣೆಗೆ ಬಂದಳು.

"ಇದ್ ಕಾಣಿ ಸರ್. ಉಳ್ದ್ ಮೀನಿಂದೂ ಕಿವಿರ್ ಸುಟ್ಟ್ ಹೋಯಿತ್."

ನೀವು ತಲೆಯೆತ್ತಲಿಲ್ಲ. "ತಟ್ಟೆ ಈಜತ್ತೇನಮ್ಮ? ಸತ್ತಿದ್ದನ್ನ ಎಣಿಸು. ಅಷ್ಟೇ ನಿನ್ನ ಕೆಲಸ."

ಬಣ್ಣಕ್ಕೆ ಒಪ್ಪಿಗೆ ಕೊಟ್ಟಿರಿ. ಆಕೆಯನ್ನು ಕೆಲಸದಿಂದ ತೆಗೆದಿರಿ. ದೋಣಿಗೆ ಅದನ್ನು ಬಳಿಯಬೇಡವೆಂದು ಆಕೆ ತನ್ನಣ್ಣ ಶೀನನ ಕಾಲು ಹಿಡಿದಳು. "ದೊಡ್ಡೋರ್ ಸೈ ಹಾಕಿರ್, ನಿಂದೆಂತ?" ಎಂದು ಅವನು ಬಳಿದ. ಮೂರನೆಯ ಮಳೆಗಾಲಕ್ಕೆ ಹೊಳೆ ಕಡಲು ಸೇರುವ ನಮ್ಮ ಅಳಿವೆಯಲ್ಲಿ ಕಾಣೆ ಎಂಬ ಮೀನು ಹೊಟ್ಟೆ ಮೇಲಾಗಿ ತೇಲಿತು. ಬಲೆ ಎಳೆಯಲು ಏನೂ ಉಳಿಯಲಿಲ್ಲ, ಊರು ಖಾಲಿಯಾಯಿತು. ಶೀನ ಸಾಯುವವರೆಗೂ ತಂಗಿಯ ಮುಖ ನೋಡಲಿಲ್ಲ. ನಿಮಗೆ ಮಾತ್ರ ಪ್ರಯೋಗಾಲಯದ ಬಾಗಿಲಲ್ಲಿ ಪ್ರತಿಮೆ ನಿಂತಿತು.

ನಾನು ಅಧಿಕಾರಕ್ಕೆ ಬಂದ ದಿನ ಅದನ್ನು ಕೆಡವಿ ಎಂದರು. ಕೆಡವಲಿಲ್ಲ. ಕೆಳಗೆ ನಿಮ್ಮದೇ ಮಾತನ್ನು ಕೆತ್ತಿಸಿದೆ: ಸತ್ತಿದ್ದನ್ನ ಎಣಿಸು. ಪಕ್ಕದಲ್ಲಿ ಅಳಿವೆ ಸತ್ತ ವರ್ಷ. ಶಾಲೆಯ ಮಕ್ಕಳು ಅದನ್ನು ಗಟ್ಟಿಯಾಗಿ ಓದುತ್ತಾರೆ. ಇಲ್ಲಿ ಯಾವ ತಾಯಿಯೂ ಮಗುವಿಗೆ ನಿಮ್ಮ ಹೆಸರಿಡುವುದಿಲ್ಲ.

ನಿಮ್ಮ ವಂಶದ ಋಜುತಾ ಈಗ ನನ್ನ ಬಳಿಯೇ ಕೆಲಸಕ್ಕಿದ್ದಾಳೆ. ಕಿವಿರುತಟ್ಟೆಗಳನ್ನು ಆಕೆಯಷ್ಟು ಜತನದಿಂದ ನೋಡಿಕೊಳ್ಳುವವರು ಯಾರೂ ಇಲ್ಲ. ಮೊನ್ನೆ ಬಂದು, "ಅಮ್ಮ, ಆ ಅಕ್ಷರ ಅಳಿಸ್ಲಕ್ಕಾ?" ಎಂದು ಕೇಳಿದಳು.

"ನಾ ಸತ್ತ್ ಮೇಲೆ ಅಳ್ಸ್" ಎಂದೆ.

"ಆಯ್ತ್, ಕಾಯ್ತೆ" ಎಂದಳು.

ಆಕೆಗೆ ಇಪ್ಪತ್ತೆರಡು, ನನಗೆ ಎಪ್ಪತ್ತು. ಕೊನೆಗೆ ಗೆಲ್ಲುವವಳು ಆಕೆಯೇ ಎಂದು ನನಗೂ ಗೊತ್ತು. ಅಲ್ಲಿಯವರೆಗೆ ಪ್ರತಿ ಬೆಳಿಗ್ಗೆ ಆ ಅಕ್ಷರಗಳ ಧೂಳನ್ನು ನಾನೇ ನನ್ನ ಸೆರಗಿನಿಂದ ಒರೆಸುತ್ತೇನೆ.

ವಾರಿಜೆ