ಲ್ಯಾಬ್ ಬಿಟ್ಟ ಮಗಳಿಗೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಮೊದಲು ನಿನ್ನ ಆರೋಗ್ಯದ ವಿಷಯ ಹೇಳು. ಆ ಒಣ ಕೆಮ್ಮು ಈಗ ಹೇಗಿದೆ? ಆಸಿಡ್ಡಿನ ಹೊಗೆ ಕುಡಿಯುವುದು ತಪ್ಪಿದ ಮೇಲೆ ಕಡಿಮೆಯಾಗಿರಲೇಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಗಿರಾಕಿಗಳ ಆಫೀಸಿನಲ್ಲಿ ಕಾದು ಕೂತು ಟೀ ಬಿಸ್ಕತ್ತಿನಲ್ಲೇ ದಿನ ದೂಡುತ್ತಿದ್ದೀಯೋ? ಇಲ್ಲಿ ನಿನ್ನ ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಊರವರ ಗೋಡೆಗಳಿಗೆಲ್ಲ ಬಣ್ಣ ಪಾಸು ಮಾಡುವ ಮನುಷ್ಯನ ಮನೆಯ ಗೋಡೆಗೆ ಯಾವಾಗ ಯೋಗ ಬರುತ್ತದೆಂದು ನಿನ್ನೆಯೂ ವಿಚಾರಿಸಿಕೊಂಡಳು. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ ಎಂದುಕೋ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಕೈಗೆ ಬಂದರೆ ನನಗೆ "ಊಟ ಆಯ್ತಾ" ಬಿಟ್ಟು ಬೇರೆ ಮಾತು ಹೊರಡುವುದಿಲ್ಲ, ನಿನಗೇ ಗೊತ್ತು.

ಕಳೆದ ವರ್ಷ ನಮ್ಮ ಪೇಂಟ್ ಕಾರ್ಖಾನೆ ಕೈ ಬದಲಾಯಿತು. ಗೇಟಿನ ಮೇಲೆ ಹಳೆಯ ಧಣಿಗಳ ಬೋರ್ಡೇ ಇರುವಾಗ ಸುಮ್ಮನೆ ನಿನ್ನ ತಲೆ ಏಕೆ ಕೆಡಿಸಲಿ ಎಂದು ಬರೆದಿರಲಿಲ್ಲ. ಹೊಸಬರದು ದೊಡ್ಡ ಕಂಪನಿ. ಕಾರ್ಖಾನೆಗೊಂದು ಲ್ಯಾಬ್ ಇಟ್ಟುಕೊಳ್ಳುವುದು ಅವರ ಲೆಕ್ಕದಲ್ಲಿ ದಂಡ. ಸ್ಯಾಂಪಲ್ಲುಗಳನ್ನು ಹೊರಗಿನ ಲ್ಯಾಬಿಗೆ ಕಳಿಸಿ ರಿಪೋರ್ಟ್ ತರಿಸಿಕೊಂಡರೆ ಸಾಕಂತೆ. ಅಂಥ ಲ್ಯಾಬಿನವರು ಯಾರಾದರೂ ಬಂದು ನೋಡಿಕೊಂಡು ಹೋಗಿ ಮಾತುಕತೆ ಕುದುರಿದರೆ ನಮ್ಮ ಲ್ಯಾಬಿಗೆ ಬೀಗ. ಈಗಲೇ ಅರ್ಧ ಮುಚ್ಚಿದ ಹಾಗಿದೆ. ಹೊಸ ಗಾಜಿನ ಸಾಮಾನು ಕೊಳ್ಳುವುದನ್ನು ನಿಲ್ಲಿಸಿದ್ದಾರೆ, ಮೂತಿ ಒಡೆದ ಬೀಕರುಗಳಲ್ಲೇ ಕೆಲಸ ನಡೆದಿದೆ. ಕಿರಿಯ ಕೆಮಿಸ್ಟ್‌ಗಳು ಇಬ್ಬರಿದ್ದರಲ್ಲ, ಒಬ್ಬ ಔಷಧಿ ಕಂಪನಿಯ ಬ್ಯಾಗು ಹಿಡಿದು ಡಾಕ್ಟರುಗಳ ಬಾಗಿಲು ಕಾಯುತ್ತಿದ್ದಾನೆ, ಇನ್ನೊಬ್ಬ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದಾನೆ. ಉಳಿದವರು ನಾನು ಮತ್ತು ತಕ್ಕಡಿಯಮ್ಮ. ನೆನಪಿದ್ದಾಳಲ್ಲ, ತೂಕದ ಯಂತ್ರದ ಮುಂದೆ ಉಸಿರು ಬಿಗಿಹಿಡಿದು ಕೂರುವವಳು, ಸೀನು ಬಂದರೆ ವರಾಂಡಕ್ಕೆ ಓಡುವವಳು? ಆಕೆಯ ಗಂಡನಿಗೆ ಕೆಲಸವಿಲ್ಲ. ಮುಂದೇನು ಎಂದು ಅವಳು ಕೇಳುವುದಿಲ್ಲ, ಕೇಳದೆ ಇರುವುದನ್ನು ನೋಡಲು ನನ್ನಿಂದಾಗುವುದಿಲ್ಲ.

ಲ್ಯಾಬಿನ ಉತ್ತರ ದಿಕ್ಕಿನ ಕಿಟಕಿಯ ಕೆಲಸ ಮಾತ್ರ ಇನ್ನೂ ನಿಂತಿಲ್ಲ. ಪ್ರತಿ ಸಲ ಕಲಸಿದ ಬಣ್ಣವನ್ನೂ ಕಾರ್ಡಿಗೆ ಬಳಿದು, ಒಣಗಿಸಿ, ಆ ಬೆಳಕಿನಲ್ಲಿ ಹಳೆಯ ಕಾರ್ಡಿನ ಪಕ್ಕ ಹಿಡಿದು ನೋಡಿದ ಮೇಲೆಯೇ ಡಬ್ಬಿ ಲಾರಿ ಹತ್ತುವುದು. ಒಂದು ರಜೆಯಲ್ಲಿ ನೀನು ಅಲ್ಲಿ ಸ್ಟೂಲು ಹತ್ತಿ ಎರಡು ಹಳದಿ ಕಾರ್ಡುಗಳನ್ನು ನೋಡಿ "ಅಪ್ಪಾ, ಇದಕ್ಕೆ ಜ್ವರ ಬಂದಿದೆ" ಅಂದಿದ್ದೆ. ಅಳೆದು ನೋಡಿದರೆ ನಿಜವಾಗಿಯೂ ಕೆಂಪು ಒಂದು ಚೂರು ಹೆಚ್ಚಾಗಿತ್ತು. ಅವತ್ತಿನಿಂದ ನಮ್ಮಲ್ಲಿ ಬಣ್ಣ ಫೇಲಾದರೆ "ಸಾರ್, ಜ್ವರ" ಎನ್ನುವುದೇ ರೂಢಿಯಾಗಿಬಿಟ್ಟಿತು. ಇನ್ನು ಹಾಗೆನ್ನುವವರೂ ಇರುವುದಿಲ್ಲ.

ಮ್ಯಾನೇಜರು ಕೆಟ್ಟವರಲ್ಲ. ನನ್ನನ್ನು ಕರೆದು ಕೂರಿಸಿ, "ಸಾರ್, ಕೆಮಿಸ್ಟ್‌ಗಳಿಗೆ ಈಗ ಅವಕಾಶ ಇರೋದೇ ಬಿಸಿನೆಸ್ ಡೆವಲಪ್‌ಮೆಂಟ್‌ನಲ್ಲಿ. ನಿಮಗೆ ಗೊತ್ತಿರೋದನ್ನ ಗಿರಾಕಿಗೆ ಹೇಳಿ, ಅಷ್ಟೇ" ಅಂದರು. ನನಗೆ ಗೊತ್ತಿರುವುದನ್ನು ಹೇಳುವುದೇ ತೊಂದರೆಯೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಸೇಲ್ಸಿನವನ ಜೊತೆ ಕಬ್ಬಿಣದ ಕುರ್ಚಿ ಮಾಡುವವರ ಅಂಗಡಿಗೆ ಹೋದೆ. ಅವನಿಗೆ ನಾವು ಬೆಣ್ಣೆ ಎಂದು ಅಡ್ಡಹೆಸರಿಟ್ಟಿದ್ದೇವೆ, ಯಾರಿಗೆ ಬೇಕಾದರೂ ಹಚ್ಚಬಲ್ಲ. ಬೆಣ್ಣೆ ಮಾತಾಡುತ್ತಿದ್ದರೆ ನಾನು ಅಲ್ಲಿದ್ದ ಹೊಸ ಕುರ್ಚಿಯ ಕಾಲನ್ನು ಹೆಬ್ಬೆರಳ ಉಗುರಿನಿಂದ ಕೆರೆದೆ. ಬಣ್ಣ ಬಳಿದ ವಸ್ತು ಕಂಡರೆ ನನ್ನ ಉಗುರು ಸುಮ್ಮನಿರುವುದಿಲ್ಲ; ನಿನ್ನ ಸೋದರತ್ತೆಯ ಹೊಸ ಬೀರು ಕೆರೆದು ಬೈಸಿಕೊಂಡವನು ನಾನು. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಬೆಳಕಿಗೆ ಹಿಡಿದು ನೋಡಿದರೆ ನಮ್ಮದೇ ಬಣ್ಣ. "ತುಕ್ಕು ಉಜ್ಜದೆ ಬಳಿದಿದ್ದೀರಿ, ಇದು ಒಂದು ಮಳೆಗಾಲ ತಡೆಯಲ್ಲ" ಎಂದುಬಿಟ್ಟೆ, ಕುರ್ಚಿ ಕೊಳ್ಳಲು ಬಂದಿದ್ದ ಗಂಡ ಹೆಂಡತಿಯ ಎದುರಿಗೇ. ಅಂಗಡಿಯವರ ಮುಖ ಕಪ್ಪಿಟ್ಟಿತು. ಅದು ಸಾಲದೆಂಬಂತೆ, ಮನೆಯೊಳಗಿಡುವ ಕುರ್ಚಿಗೆ ಬೆಣ್ಣೆ ಹೊಗಳುತ್ತಿರುವ ದುಬಾರಿ ಬಣ್ಣ ಬೇಕೇ ಇಲ್ಲ, ಸಾದಾ ಬಣ್ಣವೇ ಧಾರಾಳವಾಯಿತು ಎಂದೂ ವಿವರಿಸಿದೆ. ವಾಪಸು ಬರುವಾಗ ಬೆಣ್ಣೆ ಮೆಲ್ಲಗೆ, "ಸಾರ್, ನೀವು ನಮ್ಮ ಕಡೆಯವರಾ, ಅವರ ಕಡೆಯವರಾ?" ಅಂದ. ನಗಬೇಕಿತ್ತು, ನಗು ಬರಲಿಲ್ಲ. ನನಗೆ ಭಯವಾಯಿತು ಮಗಳೇ. ಬಣ್ಣ ಸರಿಯಿದೆಯೋ ಇಲ್ಲವೋ ಎಂದು ಹೇಳುವುದು ಬಿಟ್ಟರೆ ನನಗೆ ಬೇರೆ ಯಾವ ವಿದ್ಯೆಯೂ ಬರುವುದಿಲ್ಲ, ಈ ವಯಸ್ಸಿನಲ್ಲಿ ಬರುವುದೂ ಇಲ್ಲ. ಮಾರನೆಯ ದಿನ ಮ್ಯಾನೇಜರು ಆ ವಿಷಯವನ್ನೇ ಎತ್ತಲಿಲ್ಲ. ಎತ್ತಿ ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. "ಅಪ್ಪಾ, ನಾನು ಲ್ಯಾಬ್ ಬಿಟ್ಟು ಸೇಲ್ಸ್ ಕಡೆ ಬಂದಿದ್ದು ನಿಮಗೆ ಬೇಜಾರಾ?" ಎಂದು ಕೇಳಿದ್ದೀಯ. ಬೇಜಾರಾಗಿತ್ತು, ಸುಳ್ಳೇಕೆ ಹೇಳಲಿ. ಕಲಿತ ಕೆಮಿಸ್ಟ್ರಿಯನ್ನೆಲ್ಲ ನೀರಿಗೆ ಹಾಕಿ ಮಾತು ಮಾರಲು ಹೋದಳು ಎಂದು ನಿನ್ನ ಅಮ್ಮನ ಹತ್ತಿರ ಗೊಣಗಿದ್ದೆ. ಕುರ್ಚಿ ಅಂಗಡಿಗೆ ಹೋಗಿ ಬಂದ ಮೇಲೆ ಬಾಯಿ ಮುಚ್ಚಿದ್ದೇನೆ. ಒಬ್ಬ ಗಿರಾಕಿಯ ನೀರನ್ನು ಪರೀಕ್ಷೆ ಮಾಡಲು ತಕ್ಕ ಯಂತ್ರ ನಿಮ್ಮ ಟೆಸ್ಟಿಂಗ್ ಲ್ಯಾಬಿನಲ್ಲಿ ಇಲ್ಲವೆಂದು ನೇರವಾಗಿ ಹೇಳಿದೆ, ಅವರು ಸಿಟ್ಟಾಗದೆ ಬೇರೆ ಕೆಲಸ ಕೊಟ್ಟರು ಎಂದು ಬರೆದಿದ್ದೆಯಲ್ಲ, ಅದನ್ನು ಮತ್ತೆ ಮತ್ತೆ ಓದಿದೆ. ಅದೇ ಮಾತು ನನ್ನ ಬಾಯಲ್ಲಿ ಬಂದಿದ್ದರೆ ಜಗಳವಾಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿಯೂ ಎದುರಿನವರ ಮನಸ್ಸು ಮುರಿಯದೆ ಇರುವುದನ್ನು ನೀನು ಯಾರಿಂದ ಕಲಿತೆಯೋ, ನನ್ನಿಂದಂತೂ ಅಲ್ಲ. ಮೂರು ಕಾರ್ಖಾನೆಗಳ ದೊಡ್ಡ ಗಿರಾಕಿ, ಹೆಸರು ಈಗ ಹೇಳುವ ಹಾಗಿಲ್ಲ, ಕೈಗೂಡಿದರೆ ನಿನ್ನ ಕೆಲಸ ಕಾಯಂ ಎಂದು ಬರೆದಿದ್ದನ್ನು ಅಮ್ಮ ಆಗಲೇ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಿಯಾಯಿತು. ನೀನು ಯಾವ ತಪ್ಪೂ ಮಾಡಿಲ್ಲ. ಇದನ್ನು ಬರೆದಿಟ್ಟುಕೋ, ಮುಂದೆ ಯಾವತ್ತಾದರೂ ನಿನಗೇ ಅನುಮಾನ ಬಂದೀತು.

ಜೊತೆಯಲ್ಲಿರುವ ಗೆಳತಿಯನ್ನು ಕೇಳಿದೆನೆಂದು ಹೇಳು. ಬಿಸಿಲಲ್ಲಿ ಓಡಾಡುವಾಗ ನೀರಿನ ಬಾಟಲಿ ಮರೆಯಬೇಡ. ಗಂಟಲು ನೆಟ್ಟಗಾಗಲಿ, ಕೆಲಸ ಗಟ್ಟಿಯಾಗಿ ನಿಲ್ಲಲಿ, ಯಾರ ಮುಂದೆಯೂ ತಲೆ ತಗ್ಗಿಸುವ ದಿನ ನಿನಗೆ ಬಾರದಿರಲಿ.

ಸದಾ ನಿನ್ನ ಒಳಿತನ್ನೇ ಬಯಸುವ
ಅಪ್ಪ

ಮತ್ತೆ: ಇಷ್ಟು ಹೊತ್ತೂ ಇದನ್ನು ಬರೆಯದೆ ತಪ್ಪಿಸಿಕೊಂಡೆ. ಆ ದೊಡ್ಡ ಗಿರಾಕಿ ನಮ್ಮ ಹೊಸ ಮಾಲೀಕರೇ. ಅವರ ಮೂರನೆಯ ಕಾರ್ಖಾನೆ ನಮ್ಮದು, ನಿನಗೆ ಇನ್ನೂ ವಿಳಾಸ ಕೊಟ್ಟಿರಲಿಕ್ಕಿಲ್ಲ. ಮುಂದಿನ ತಿಂಗಳು ನಮ್ಮ ಲ್ಯಾಬ್ ನೋಡಲು ಬರುವವರು ಯಾರೆಂದು ಕೇಳಿದರೆ ಮ್ಯಾನೇಜರು ನಿನ್ನ ಹೆಸರು ಹೇಳಿದರು. ಅವಳು ನನ್ನ ಮಗಳು ಅಂದೆ. ನಿನ್ನ ಕಂಪನಿಯ ಲ್ಯಾಬ್ ಈ ಕೆಲಸಕ್ಕೆ ಲಾಯಕ್ಕೋ ಅಲ್ಲವೋ ಎಂದು ಅಭಿಪ್ರಾಯ ಕೊಡಬೇಕಾದವನು ನಾನು. ಬೇರೆಯವರನ್ನು ಕೇಳಿ ಎಂದು ಬೇಡಿಕೊಂಡೆ. "ಇಲ್ಲಿ ಬೇರೆ ಯಾರಿದ್ದಾರೆ ಸಾರ್" ಅಂದರು. ತಕ್ಕಡಿಯಮ್ಮನಿಗೂ ಹೇಳಿದೆ. ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಬರ್ಲಿ ಬಿಡಿ ಸಾರ್, ಹುಡುಗಿ ಎಷ್ಟೆತ್ತರ ಆಗಿದಾಳೆ ನೋಡೋಣ" ಅಂದಳು. ಬರುವುದು ಬೇಡವೆಂದು ನಿನಗನಿಸಬಹುದು. ಬಾ. ನೀನು ಬರದಿದ್ದರೆ ಇನ್ಯಾರೋ ಬಂದು ಮುಚ್ಚುತ್ತಾರೆ, ನಿನ್ನ ಕೆಲಸವೂ ಹೋಗುತ್ತದೆ. ಬೇರೆಯವರನ್ನು ಕೇಳುವಂತೆಯೇ ನಿನ್ನನ್ನೂ ಕೇಳುತ್ತೇನೆ, ಒಂದು ಪ್ರಶ್ನೆಯನ್ನೂ ಬಿಡುವುದಿಲ್ಲ. ನಿಮ್ಮ ಲ್ಯಾಬ್ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನುತ್ತೇನೆ, ಚೆನ್ನಾಗಿದ್ದರೆ ಚೆನ್ನಾಗಿದೆ ಎಂದೇ ಹೇಳುತ್ತೇನೆ. ಒಂದೇ ಒಂದು ಮಾತು ನಡೆಸಿಕೊಡು. ಅವರೆಲ್ಲರ ಮುಂದೆ ನನ್ನನ್ನು ಅಪ್ಪಾ ಅನ್ನಬೇಡ. ಸಾರ್ ಅನ್ನು, ನಾನು ಮೇಡಂ ಅನ್ನುತ್ತೇನೆ. ನೀನು ಅಪ್ಪಾ ಅಂದುಬಿಟ್ಟರೆ ನನಗೆ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ. ಕೆಲಸವೆಲ್ಲ ಮುಗಿಸಿ ಸಂಜೆ ಮನೆಗೆ ಬಾ. ಆಗ ಕರೆಯುವೆಯಂತೆ.