ಲುಂಗಿಗೆ ಒರೆಸಿದ ಕ್ಯಾರೆಟ್

ರೀ,

ಮಂಜು ಕವಿದ ನಿಮ್ಮ ಎಡಗಣ್ಣಿಗೂ ಕಾಣಲಿ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ದೊಡ್ಡ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಟಾಕ್ಸೊಪ್ಲಾಸ್ಮಾ ಕ್ರಿಮಿಯನ್ನು ಕೊಲ್ಲುವುದು ಅದೇ. ಗಂಟಲಿಗೆ ಸಿಕ್ಕುತ್ತದೆ ಅಂತ ಅದನ್ನು ಬಿಟ್ಟು ಬರೀ ಸ್ಟಿರಾಯ್ಡ್ ನುಂಗಿದರೆ ಕಣ್ಣಿನ ಪರದೆಯ ಗಾಯ ಹಬ್ಬುತ್ತದೆ. ಡಾಕ್ಟರ್ ಹೇಳಿದ್ದು ನಿಮಗೆ, ಗೋಡೆಗಲ್ಲ.

ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ದೂರದ ಮಾವನಲ್ಲ ಹಳ್ಳಿಗೆ ಬಿಟ್ಟು ಬರುವ ಶೌರ್ಯ ಬೇಡ. ಅದು ಹೊಲದ ಮಣ್ಣಿನಲ್ಲಿ ಹೇತದ್ದು, ಕ್ರಿಮಿ ಆ ಹೇಲಿನಿಂದ ಬಂದದ್ದು ನಿಜ. ಆ ಮಣ್ಣನ್ನು ನಿಮ್ಮ ಬಾಯಿಗಿಟ್ಟದ್ದು ಅದಲ್ಲ. ಮಂಡಿಗೆ ಹೋಗುವ ಕ್ಯಾರೆಟ್ಟಿಗೆ ಮೆಷಿನ್ನಿನಲ್ಲಿ ಸ್ನಾನ, ಮನೆಯವರು ತಿನ್ನುವುದಕ್ಕೆ ನಿಮ್ಮ ಲುಂಗಿ. ಮೇಲೆ "ತಿನ್ನು ಕಣೇ, ಕಣ್ಣಿಗೆ ಒಳ್ಳೇದು" ಅಂತ ಉಪದೇಶ ಬೇರೆ.

ಅನ್ನ, ಸೊಪ್ಪಿನ ಸಾರು ಒಲೆಯ ಮೇಲಿದೆ. ಕೈ ತೊಳೆದು ಬಡಿಸಿಕೊಳ್ಳಿ. ಸೋಪು ಹಾಕಿ.

ನಾನು ಊಟಿಗೆ ಹೋಗಿದ್ದೇನೆ, ನಿಮಗೆ ಮಾಡಿದ ಅದೇ ಕ್ರಿಮಿಯ ಪರೀಕ್ಷೆಗೆ ರಕ್ತ ಕೊಡಲು. ನೀವು ಒರೆಸಿ ಕೊಟ್ಟದ್ದನ್ನು ನಾನೂ ತಿಂದಿದ್ದೇನಲ್ಲ. ಮುಟ್ಟು ನಿಂತು ಎರಡು ತಿಂಗಳಾಯಿತು. ಪಾಯಸ ಮಾಡಿ ನಿಮಗೇ ಮೊದಲು ಹೇಳಬೇಕೆಂದಿದ್ದೆ. ಆ ಕ್ರಿಮಿ ಹೊಟ್ಟೆಯೊಳಗಿನ ಮಗುವಿಗೂ ತಗಲಬಹುದಂತೆ. ಈಗ ಮೊದಲು ಡಾಕ್ಟರಿಗೆ ಹೇಳಬೇಕಾಗಿದೆ.

ರೂಪಶ್ರೀ