ಕಳ್ಳರು ಮುಟ್ಟದ ಮನೆ

ಮಾರ್ಚ್ 3, ಸೋಮವಾರ

ಅಂಗಡಿಯಲ್ಲಿ ಇವತ್ತೂ ಅದೇ ರಗಳೆ. ಹೊಸದಾಗಿ ಸೇರಿದ ಹುಡುಗಿ ಡ್ರೈಕ್ಲೀನಿಂಗ್‌ಗೆ ಬಂದ ಬಟ್ಟೆಯ ಗಂಟನ್ನು ಸೀದಾ ನೆಲಕ್ಕೆ ಸುರಿದಳು. ಬಿಳಿ ಕೋಟು, ರೇಷ್ಮೆ, ಎಲ್ಲಾ. ಮೊದಲು ಶೀಟು ಹಾಸು, ಆಮೇಲೆ ಗಂಟು ಬಿಚ್ಚು ಅಂತ ಎಷ್ಟು ಸಲ ಹೇಳಿದ್ದೇನೋ. ಬಟ್ಟೆ ಬರೀ ನೆಲಕ್ಕೆ ತಾಗಿದರೆ ನನಗಂತೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಕಣ್ಣು ಮುಚ್ಚಿಕೊಂಡೇ ಶೀಟು ಹಾಸುತ್ತೇನೆ ನಾನು. ಆದರೂ ಓನರಮ್ಮ ಅವಳನ್ನು ಬೈಯಲಿಲ್ಲ. "ಚಿನ್ನ, ನೋಡ್ಕೊಂಡು ಮಾಡಮ್ಮ" ಅಂದರು. ಚಿನ್ನವಂತೆ. ಇಷ್ಟು ವರ್ಷ ಕೌಂಟರಿನಲ್ಲಿ ನಿಂತು ಕಾಲು ಸವೆಸಿದ್ದೇನೆ, ನನ್ನನ್ನು ಹಿತ್ತಾಳೆ ಅಂತಲೂ ಕರೆದಿಲ್ಲ.

ನಾಳೆ ನಾದಿನಿಯ ಮಗಳ ಮದುವೆ. ಎರಡು ದಿನ ರಜೆ. ಎದುರು ಮನೆ ಟೀಚರೂ ಊರಲ್ಲಿಲ್ಲ. ಹಾಲಿನವನಿಗೆ ಬೇಡ ಅಂತ ಹೇಳಬೇಕು.

ಮಾರ್ಚ್ 5, ಬುಧವಾರ — ಸಂಜೆ

ಮದುವೆ ಮುಗಿಸಿ ಬಂದರೆ ಬಾಗಿಲ ಬೀಗ ಮುರಿದು ನೇತಾಡುತ್ತಿದೆ. ಟೀಚರ್ ಮನೆಯದೂ.

ಇವರು ಶೂ ಕೂಡ ಬಿಚ್ಚದೆ ಒಳಗೆ ಓಡಿದರು. ಬೀರುವಿನ ಕಡೆ ಅಲ್ಲ. ಸೀದಾ ಮಂಚದ ಪಕ್ಕದ ಮೇಜು, ಕೆಳಗಿನ ಖಾನೆ. ಕನ್ನಡಕದ ಡಬ್ಬಿ ತೆಗೆದರು. ತೆರೆದರು, ನೋಡಿದರು, ಮುಚ್ಚಿದರು. ಆಮೇಲೆ ಉಸಿರು ಬಿಟ್ಟರು. ಅದಾದ ಮೇಲೆ ನನ್ನ ನೆನಪಾಯಿತು. "ಏನೇನ್ ಹೋಗಿದೆ ನೋಡು" ಅಂದರು.

ಇವರ ಮೊದಲಿನ ಹೆಂಡತಿಯ ಕನ್ನಡಕ ಅದು. ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡವಳು. ಇವರು ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ತಿಕ್ಕುವವರು. ಅವಳದನ್ನು ಬೇರೆ ಯಾರ ಕೈಗೂ ಕೊಡದೆ ತಾವೇ ತಿಕ್ಕಿ ಕೂರಿಸಿದ್ದಂತೆ. ಖಾನೆಯಲ್ಲಿದೆ ಅಂತ ಗೊತ್ತಿತ್ತು. ಮನೆಗೆ ಬೆಂಕಿ ಬಿದ್ದರೂ ಮೊದಲು ಅದನ್ನೇ ಎತ್ತಿಕೊಳ್ಳುತ್ತಾರೆ ಅಂತ ಗೊತ್ತಿರಲಿಲ್ಲ. ಇವತ್ತು ಗೊತ್ತಾಯಿತು.

ಏನು ಹೋಗಿದೆ ಅಂತ ಹುಡುಕಿದೆ. ಏನೂ ಹೋಗಿಲ್ಲ. ಬೀರು ತೆರೆದಿದೆ, ನನ್ನ ಬಟ್ಟೆ ಜರುಗಿಸಿದ್ದಾರೆ, ಹಾಗೇ ಬಿಟ್ಟಿದ್ದಾರೆ. ನನ್ನ ಗಿಲೀಟಿನ ಬಳೆ ಮೇಜಿನ ಮೇಲೆ. ಮಿಕ್ಸಿ ಎತ್ತಿ ಅಡುಗೆಮನೆ ಬಾಗಿಲ ತನಕ ತಂದು ಅಲ್ಲೇ ಇಟ್ಟಿದ್ದಾರೆ. ಯಾಕೋ ಬೇಡ ಅನ್ನಿಸಿರಬೇಕು. ಕಾನ್‌ಸ್ಟೇಬಲ್ ಬಂದ. ಸುತ್ತ ನೋಡಿದ. "ಬಿಡಿ, ನಿಮ್ಮನೇಲಿ ಅವ್ರಿಗೆ ಟೈಮ್ ವೇಸ್ಟ್ ಆಗಿದೆ" ಅಂದು ನಕ್ಕ. ಇವರೂ ನಕ್ಕರು. ನಾನು ನಗಲಿಲ್ಲ.

ಮಾರ್ಚ್ 6, ಗುರುವಾರ

ಟೀಚರ್ ಮನೆಯಲ್ಲಿ ಲ್ಯಾಪ್‌ಟಾಪ್ ಹೋಗಿದೆ, ಬೆಳ್ಳಿ ಲೋಟಗಳು, ಕ್ಯಾಮೆರಾ, ಅವರ ಮಗನ ವಾಚು. ಬೆಳಗಿನಿಂದ ಮೆಟ್ಟಿಲ ಮೇಲೆ ಜನವೋ ಜನ. ಎಲ್ಲರೂ ಮೇಲೆ ಬಂದು ಎಡಕ್ಕೆ ತಿರುಗುತ್ತಾರೆ. ಬಲಕ್ಕೆ ನಮ್ಮ ಮನೆ. ನಮ್ಮ ಬಾಗಿಲು ತಟ್ಟಿದ್ದು ಎರಡೇ ಸಲ, ಎರಡು ಸಲವೂ ಕುರ್ಚಿ ಕೇಳಲಿಕ್ಕೆ.

ಕೊಟ್ಟೆ. ಕುರ್ಚಿ ಕೊಟ್ಟು ನಾನೂ ಹೋಗಿ ನಿಂತೆ. ಟೀಚರ್ ಕಥೆ ಹೇಳುತ್ತಿದ್ದರು. ಹೇಳಿ ಹೇಳಿ ನುಣ್ಣಗಾಗಿದೆ ಈಗ. ಎಲ್ಲಿ ಅಳಬೇಕು, ಎಲ್ಲಿ ನೀರು ಕುಡಿಯಬೇಕು, ಎಲ್ಲಾ ರೂಢಿಯಾಗಿದೆ. ಯಾರೋ ನನ್ನ ಕಡೆ ತಿರುಗಿ ನಿಮ್ಮಲ್ಲಿ ಏನು ಹೋಯ್ತು ಅಂತ ಕೇಳಿದರು. ಏನೂ ಇಲ್ಲ ಅಂದೆ. "ಪುಣ್ಯ ಮಾಡಿದ್ರಿ" ಅಂದು ಮತ್ತೆ ಅವರ ಕಡೆ ತಿರುಗಿದರು.

ಹೊಟ್ಟೆ ಉರಿಯಿತು. ಬರೆದುಕೊಳ್ಳಲು ನನಗೇನು ನಾಚಿಕೆ, ಯಾರು ಓದಬೇಕು ಇದನ್ನು. ಕಳ್ಳರು ಬಂದು ಟೀಚರ್ ಮನೆಗೆ ಬೆಲೆ ಕಟ್ಟಿ ಹೋದರು. ನನ್ನದನ್ನು ನೋಡಿ ಮುಖ ಸಿಂಡರಿಸಿದರು. ಯಾವನೋ ಗೊತ್ತಿಲ್ಲದವನು ನನ್ನ ಬೀರು ತೆರೆದು, ನನ್ನ ಬಟ್ಟೆ ಮುಟ್ಟಿ, ಇದು ಬೇಡ ಅಂದನಲ್ಲ.

ಮಾರ್ಚ್ 9, ಭಾನುವಾರ — ಮಧ್ಯಾಹ್ನ

ಇವರು ಮಲಗಿದ್ದಾರೆ. ಖಾನೆ ನನ್ನ ಮೊಣಕಾಲ ಹತ್ತಿರವೇ ಇದೆ. ತೆರೆಯುವುದಿಲ್ಲ. ಇಷ್ಟು ವರ್ಷ ತೆರೆದಿಲ್ಲ, ಅಷ್ಟು ಮರ್ಯಾದೆ ಇದೆ ನನಗೆ.

ಒಂದು ಹಳೆಯ ವಿಷಯ. ಮದುವೆಯಾದ ಹೊಸದರಲ್ಲಿ ಪೇಪರ್ ಓದಲು ಆಗುತ್ತಿಲ್ಲ, ಅಕ್ಷರ ಕುಣಿಯುತ್ತಿವೆ ಅಂತ ಸುಳ್ಳು ಹೇಳಿದ್ದೆ. ಇವರು ಅಂಗಡಿಗೆ ಕರೆದುಕೊಂಡು ಹೋದರು. ಕುರ್ಚಿಯಲ್ಲಿ ಕೂರಿಸಿದರು. ಗಲ್ಲ ಹಿಡಿದು ಮುಖ ನೇರ ಮಾಡಿದರು. ಆ ಭಾರದ ಫ್ರೇಮು ಮೂಗಿನ ಮೇಲಿಟ್ಟು ಒಂದೊಂದೇ ಗಾಜು ಹಾಕಿ, ಈಗ? ಈಗ? ಅಂತ ಮೆಲ್ಲಗೆ ಕೇಳಿದರು. ಅಷ್ಟು ಹತ್ತಿರದಿಂದ ಇವರು ನನ್ನನ್ನು ನೋಡಿದ್ದು ಅವತ್ತೇ. ಕೊನೆಗೆ ಎಲ್ಲಾ ತೆಗೆದು, "ನಿನ್ ಕಣ್ಣು ಚೆನ್ನಾಗಿವೆ, ಏನೂ ಬೇಡ" ಅಂದರು. ಸಂತೋಷವಾಗಿಯೇ ಅಂದರು. ನನಗೆ ಅಳು ಬಂತು.

ನನಗೆ ಏನೂ ಬೇಡ ಅಂತ ಅವತ್ತು ತೀರ್ಮಾನವಾಗಿ ಹೋಯಿತು. ಕಳ್ಳರಿಗೂ ನನ್ನದು ಬೇಡ. ಇವರೂ ಅವರೂ ಒಳ್ಳೆ ಜೋಡಿ.

ಮಾರ್ಚ್ 12, ಬುಧವಾರ

ನಗು ಬರುತ್ತದೆ, ಆದರೂ ಬರೆಯುತ್ತೇನೆ. ಕಳ್ಳರು ಇನ್ನೊಮ್ಮೆ ಬರಲಿ ಅಂತ ಕಾಯುತ್ತಿದ್ದೇನೆ. ಹೊಸ ಬೀಗವನ್ನು ಎರಡು ಸುತ್ತು ತಿರುಗಿಸಬೇಕು, ಒಂದೇ ಸುತ್ತು ತಿರುಗಿಸಿ ಹೋಗುತ್ತೇನೆ. ಇವತ್ತು ಧೂಳು ಒರೆಸುವ ನೆಪದಲ್ಲಿ ಡಬ್ಬಿಯನ್ನು ಖಾನೆಯಿಂದ ತೆಗೆದು ಕಿಟಕಿಯ ಹತ್ತಿರ ಇಟ್ಟೆ. ದಾರಿಯಲ್ಲಿ ಹೋಗುವವನಿಗೂ ಕಾಣಬೇಕು, ಹಾಗೆ. ತೆಗೆದುಕೊಂಡು ಹೋಗಪ್ಪಾ ಮಹಾರಾಯ.

ಸಂಜೆ ಬಂದರೆ ಅಲ್ಲೇ ಕೂತಿದೆ. ಕಳ್ಳರಿಗೂ ಗ್ರಹಚಾರ ಬಂದಿದೆ ಈ ಊರಲ್ಲಿ.

ಇವರು ಬಂದವರೇ ನೋಡಿದರು. ಡಬ್ಬಿಯನ್ನು ಅಂಗಿಗೆ ಒರೆಸಿ ಖಾನೆಯಲ್ಲಿಟ್ಟರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಸತ್ತವಳ ಹತ್ತಿರ ಜಗಳ ಆಡಲಿಕ್ಕೆ ಬರುವುದಿಲ್ಲ. ಅವಳಿಗೆ ಒಂದು ದಿನವೂ ಸಾರು ಕೆಡುವುದಿಲ್ಲ, ಒಂದು ದಿನವೂ ತಲೆನೋವು ಬರುವುದಿಲ್ಲ, ವಯಸ್ಸೂ ಆಗುವುದಿಲ್ಲ.

ಮಾರ್ಚ್ 26, ಬುಧವಾರ — ಮಧ್ಯಾಹ್ನ

ಮಾಡಿಬಿಟ್ಟೆ.

ಅರ್ಧ ದಿನ ರಜೆ ಹಾಕಿ ಬಂದೆ. ಟೀಚರ್ ಶಾಲೆಯಲ್ಲಿ. ಬೀಗವನ್ನು ಸುತ್ತಿಗೆಯಲ್ಲಿ ಹೊಡೆದು ಒಡೆದೆ, ಕಳ್ಳರು ಒಡೆದ ಹಾಗೆಯೇ. ಬೀರು ತೆರೆದು ಬಟ್ಟೆ ಎಲ್ಲಾ ಸುರಿದೆ. ಖಾನೆ ಎಳೆದು ಬೋರಲು ಹಾಕಿದೆ. ಡಬ್ಬಿ ಚೀಲಕ್ಕೆ.

ಅದೊಂದೇ ಹೋದರೆ ಅನುಮಾನ ಬರುತ್ತದಲ್ಲ, ಜೊತೆಗೆ ಬೇರೆ ಏನಾದರೂ ಕದಿಯಬೇಕು ಅಂತ ಕಳ್ಳಿಯ ಹಾಗೆ ಮನೆಯೆಲ್ಲಾ ಸುತ್ತಿದೆ. ನನ್ನದೇ ಮನೆ. ರೇಡಿಯೋ ಎತ್ತಿದೆ, ಇಟ್ಟೆ. ಇಸ್ತ್ರಿಪೆಟ್ಟಿಗೆ ಎತ್ತಿದೆ, ಇಟ್ಟೆ. ಆ ಕಳ್ಳರನ್ನು ಸುಮ್ಮನೆ ಬೈದೆ. ಕೊನೆಗೆ ಮಿಕ್ಸಿಯನ್ನೂ ಬಾಗಿಲ ತನಕ ಒಯ್ದು ಅಲ್ಲೇ ಇಟ್ಟೆ ಅನ್ನುವುದನ್ನು ಯಾರಿಗೂ ಹೇಳಲಾರೆ.

ಡಬ್ಬಿಯನ್ನು ಚರಂಡಿಗೆ ಎಸೆಯುವುದು ಅಂತ ಹೊರಟವಳು. ಕೈ ಬರಲಿಲ್ಲ. ಅಂಗಡಿಗೇ ವಾಪಸ್ ಹೋದೆ, ಕೊಡೆ ಮರೆತೆ ಅಂದೆ. ಹಿಂದಿನ ಕೋಣೆಯಲ್ಲಿ ಯಾರೂ ವಾಪಸ್ ಒಯ್ಯದ ಬಟ್ಟೆಗಳ ಸಾಲು ಇದೆ. ಅಲ್ಲಿ ಒಂದು ಕಂದು ಕೋಟು, ಒಳಜೇಬು ಆಳವಾಗಿದೆ. ಅದರಲ್ಲಿಟ್ಟೆ. ಇರಲಿ, ಯಾರಿಗೂ ಬೇಡವಾದ್ದರ ಜೊತೆ.

ಈಗ ಇವರಿಗೆ ಫೋನ್ ಮಾಡಬೇಕು. ಗಾಬರಿಯ ದನಿ ಮಾಡುವ ಅಗತ್ಯವಿಲ್ಲ, ತಾನಾಗಿಯೇ ಬರುತ್ತಿದೆ.

ಮಾರ್ಚ್ 26 — ಸಂಜೆ 7

ಇವರು ಬಂದರು. ಬೋರಲು ಬಿದ್ದ ಖಾನೆ ನೋಡಿದರು. ಬಗ್ಗಿ ಮಂಚದ ಕೆಳಗೆ ನೋಡಿದರು, ಗೋಡೆಯ ಸಂದಿಯಲ್ಲಿ ಕೈ ಹಾಕಿದರು, ಮೊಣಕಾಲ ಮೇಲೆ ಕೂತು ನೆಲವೆಲ್ಲಾ ಸವರಿದರು. ಕಣ್ಣು ಕಾಣದವರು ಹುಡುಕುವ ಹಾಗೆ. ನೋಡಲಾಗಲಿಲ್ಲ. ಒಳಗೊಳಗೆ ಹಾಲು ಕುಡಿದಷ್ಟು ಖುಷಿಯೂ ಆಯಿತು. ಎರಡೂ ನಿಜ.

ಅಷ್ಟರಲ್ಲಿ ಟೀಚರ್ ಬಂದರು. ಬಾಗಿಲಲ್ಲೇ ನಿಂತು ಅಯ್ಯೋ ಅಯ್ಯೋ ಅಂದರು. ಆಮೇಲೆ ಬಟ್ಟೆಯ ರಾಶಿ ನೋಡಿದರು. "ನಮ್ಮನೇಲಿ ಎಲ್ಲಾ ನೆಲದ್ ಮೇಲೆ ಚೆಲ್ಲಿ ತುಳ್ದಾಡಿದ್ರು" ಅಂದರು. "ನಿಮಗೆ ಬಂದೋನು ಪರ್ವಾಗಿಲ್ಲ. ಕೆಳಗೆ ಬೆಡ್‌ಶೀಟ್ ಹಾಸಿದಾನೆ."

ನಾನೂ ನೋಡಿದೆ. ನೀಲಿ ಬೆಡ್‌ಶೀಟು. ನಾಲ್ಕು ಮೂಲೆ ಎಳೆದು, ಸುಕ್ಕಿಲ್ಲದೆ ಹಾಸಿದೆ. ಅದರ ಮೇಲೆ ರಾಶಿ, ಒಂದು ತೋಳು ಕೂಡ ನೆಲಕ್ಕೆ ತಾಗಿಲ್ಲ. ಯಾವಾಗ ಹಾಸಿದೆನೋ ದೇವರಾಣೆಗೂ ನೆನಪಿಲ್ಲ.

ಇವರು ಎದ್ದು ನಿಂತರು. ಬೆಡ್‌ಶೀಟ್ ನೋಡಿದರು. ತುಂಬಾ ಹೊತ್ತು ನೋಡಿದರು. ಟೀಚರ್ ಪೊಲೀಸಿಗೆ ಫೋನ್ ಮಾಡಲಾ ಅಂದರೆ ಬೇಡ ಅಂದರು. ಟೀಚರ್ ಹೋದ ಮೇಲೆ ಇವರೇ ಬಟ್ಟೆಗಳನ್ನು ಒಂದೊಂದೇ ಮಡಚಿ ಬೀರುವಿನಲ್ಲಿಟ್ಟರು. ನಾನು ಕೈ ಹಾಕಲು ಹೋದರೆ ಬಿಡಲಿಲ್ಲ.

ಮಾರ್ಚ್ 27, ಗುರುವಾರ — ಬೆಳಗ್ಗೆ

ಬಯ್ಯಲಿಲ್ಲ. ಕೇಳಲಿಲ್ಲ. ಟೀ ಕುಡಿದರು. ಲೇಸ್ ಕಟ್ಟಿಕೊಳ್ಳುತ್ತಿದ್ದರು. ಬೀಗ ಒಡೆದಿದೆ, ನಾನು ಹೊಸದು ತರಲಾ ಅಂತ ಕೇಳಿದೆ, ಏನಾದರೂ ಮಾತಾಡಬೇಕಲ್ಲ ಅಂತ. ತಲೆ ಎತ್ತಲಿಲ್ಲ.

"ಬೀಗ ಬೇಡ" ಅಂದರು. "ಇನ್ನು ಈ ಮನೇಲಿ ಕದಿಯೋವಂಥದ್ದು ಏನೂ ಇಲ್ಲ."

ಬಾಗಿಲು ಎಳೆದುಕೊಂಡು ಹೋದರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅಂಗಡಿಯಲ್ಲಿ ಗಾಜಿನ ನಂಬರ್ ಹೇಳುವ ಹಾಗೆ ಹೇಳಿದರು. ನಾನು ಅಲ್ಲೇ ನಿಂತಿದ್ದೆ, ಕೈಯಲ್ಲಿ ಅವರ ಊಟದ ಡಬ್ಬಿ ಹಿಡಿದುಕೊಂಡು. ಈ ಮನೆಯಲ್ಲಿ ಅಂದರಲ್ಲ... ನಾನು ಮನೆಯ ಒಳಗೇ ಇದ್ದೆ.

ಏಪ್ರಿಲ್ 5, ಶನಿವಾರ — ಸಂಜೆ 6

ಇಷ್ಟು ದಿನ ಪೆನ್ನು ಮುಟ್ಟಲಿಲ್ಲ. ಬರೆಯಲು ಏನಿತ್ತು. ಊಟಕ್ಕೆ ಬನ್ನಿ, ಬಂದೆ, ಸಾಕು, ಹೂಂ. ಬೀಗವಿಲ್ಲದ ಬಾಗಿಲು ಗಾಳಿಗೆ ತೆರೆದುಕೊಳ್ಳುತ್ತದೆ, ಯಾರೂ ಬರುವುದಿಲ್ಲ. ಟೀಚರ್ ಮನೆಗೆ ಕಬ್ಬಿಣದ ಗ್ರಿಲ್ ಬಂದಿದೆ, ಮೇಲೆ ಕ್ಯಾಮೆರಾ. ಅದನ್ನು ನೋಡಿದರೂ ಹೊಟ್ಟೆಯುರಿ. ಕಾಯಬೇಕಾದ್ದು ಏನೋ ಇದೆಯಲ್ಲ ಅವರಿಗೆ.

ಇವತ್ತು ಅಂಗಡಿಗೆ ಹೋದರೆ ಹಿಂದಿನ ಕೋಣೆ ಖಾಲಿ. ಓನರಮ್ಮ ಯಾರೂ ಒಯ್ಯದ ಬಟ್ಟೆಗಳನ್ನು ಆಶ್ರಮಕ್ಕೆ ಕೊಡಲು ಗಂಟು ಕಟ್ಟಿಸಿದ್ದಾರೆ. ಆಟೋ ಬಾಗಿಲಲ್ಲಿ ನಿಂತಿದೆ. ಗಂಟು ಕೆಳಗಿಳಿಸಿ, ಬಿಚ್ಚಿ, ಬೀದಿಯಲ್ಲೇ ಸುರಿದೆ. ಬರೀ ನೆಲಕ್ಕೆ. ಶೀಟು ಹಾಸಲಿಲ್ಲ, ನೆನಪೇ ಆಗಲಿಲ್ಲ. ಹೊಸ ಹುಡುಗಿ ಬಾಯಿ ಬಿಟ್ಟುಕೊಂಡು ನಿಂತಳು. ಓನರಮ್ಮ ತಲೆ ಕೆಟ್ಟಿದೆಯಾ ಅಂತ ಕೂಗಿದರು. ಕಂದು ಕೋಟು ಸಿಕ್ಕಿತು, ಒಳಜೇಬು, ಡಬ್ಬಿ. ಎದೆಗೆ ಒತ್ತಿಕೊಂಡು ರಸ್ತೆಯಲ್ಲೇ ಕೂತೆ. ನನ್ನದೇ ಚಿನ್ನ ಸಿಕ್ಕಿದ ಹಾಗೆ. ನನ್ನ ಕರ್ಮ.

ಈಗ ಮನೆಯಲ್ಲಿದ್ದೇನೆ. ಇವರು ಬಂದಿಲ್ಲ. ಖಾನೆಯಲ್ಲಿಟ್ಟು ಸುಮ್ಮನಿರಬೇಕು ಅಂತಲೇ ಬಂದದ್ದು. ಮೊದಲ ಸಲ ಡಬ್ಬಿ ತೆರೆದೆ.

ಚಿಕ್ಕ ಕನ್ನಡಕ. ಒಂದು ಕಡ್ಡಿಗೆ ದಾರ ಸುತ್ತಿದೆ. ಗಾಜು ಮಾತ್ರ ಈಗ ತಿಕ್ಕಿದ ಹಾಗೆ ಫಳಫಳ. ಜೊತೆಗೆ ಒರೆಸುವ ಮೆತ್ತನೆಯ ಬಟ್ಟೆ, ಮೂಲೆಯಲ್ಲಿ ನಮ್ಮ ಅಂಗಡಿಯ ಟ್ಯಾಗಿನ ಪಿನ್ನು ಚುಚ್ಚಿದ ತೂತು. ನಾನೇ ತಂದುಕೊಟ್ಟದ್ದು, ಇವರ ಕೆಲಸಕ್ಕೆ ಒಳ್ಳೆಯದಾಗುತ್ತದೆ ಅಂತ. ನಾನು ಕೊಟ್ಟ ಬಟ್ಟೆಯಲ್ಲಿ ಅವಳ ಗಾಜು ಒರೆಸುತ್ತಿದ್ದರು! ಇಷ್ಟೆಲ್ಲಾ ಆದ ಮೇಲೂ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ನನ್ನ ಬುದ್ಧಿ ಸುಟ್ಟರೂ ಹೋಗುವುದಿಲ್ಲ.

ಹಾಕಿಕೊಂಡೆ. ಹಾಕಿಕೊಂಡೇ ಬರೆಯುತ್ತಿದ್ದೇನೆ. ಸಾಲು ಎಲ್ಲೆಲ್ಲೋ ಹೋಗುತ್ತಿದೆ. ಗೋಡೆ, ಬೀರು, ಎಲ್ಲಾ ಕದಡಿಹೋಗಿದೆ. ಇಷ್ಟು ದಪ್ಪ ಗಾಜು... ಇದಿಲ್ಲದೆ ಅವಳಿಗೆ ಇವರ ಮುಖವೇ ಕಾಣುತ್ತಿರಲಿಲ್ಲ ಅಂತ ಆಯಿತು. ಅದಕ್ಕೇ ತಾವೇ ತಿಕ್ಕಿದ್ದು. ನನಗೆ ಏನೂ ಇಲ್ಲದೆಯೇ ಕಾಣುತ್ತದೆ, ಅದು ನನ್ನ ತಪ್ಪಾ?

ಮೆಟ್ಟಿಲಲ್ಲಿ ಶೂ ಸದ್ದು. ಇವರದೇ. ತೆಗೆಯಬೇಕು. ಖಾನೆಯಲ್ಲಿಡಲಾ, ಕೈಗೆ ಕೊಡಲಾ, ಏನಂತ ಹೇಳಲಿ... ಬೀಗವಿಲ್ಲ, ತಳ್ಳಿದರೆ ಸಾಕು.

ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಬರುತ್ತಿಲ್ಲ. ಮುಖ ಕಾಣುತ್ತಿಲ್ಲ ನನಗೆ, ಮಬ್ಬು. ನೋಡುತ್ತಿದ್ದಾರೆ, ಅಷ್ಟು ಗೊತ್ತಾಗುತ್ತದೆ. ನನ್ನನ್ನೋ, ಇದನ್ನೋ —